ಗೊಬ್ಬರದ ಚೀಲಕ್ಕೆ ಬೆಲೆ ಕಟ್ಟುವವರು ಯಾರು?



ಆರಿದ್ರಾ ಮಳೆ ಎರಡು ಹದ ಸುರಿಯಿತೆಂದರೆ ಹಳ್ಳಿಯಲ್ಲಿ ಯಾರ ಬಾಯಲ್ಲಿ ಕೇಳಿದರೂ ಗೊಬ್ಬರದ ಮಾತೇ. ಸೊಸೈಟಿಗೆ ಬಂತೇ, ಪೇಟೆಯ ಅಂಗಡಿಯಲ್ಲಿ ಇದೆಯೇ, ತಲೆಗೆ ಎಷ್ಟು ಚೀಲ ಕೊಡುತ್ತಾರೆ, ಜೊತೆಗೆ ಇನ್ನೇನು ತಲೆಗೆ ಕಟ್ಟುತ್ತಾರೆ - ಇದೇ ವಿಚಾರ. ಯಾವ ಬೆಳೆಗೆ ಎಷ್ಟು ಗೊಬ್ಬರ, ಯಾವಾಗ ಹಾಕಬೇಕು ಎಂಬುದನ್ನು ಕೃಷಿ ಇಲಾಖೆಯವರು ಹೇಳುತ್ತಲೇ ಇರುತ್ತಾರೆ. ಈ ಹೊತ್ತು ನಾವು ಮಾತಾಡಬೇಕೆಂದಿರುವುದು ಅಂಗಡಿಯ ಹಲಗೆಯ ಮೇಲೆ ಬರೆದಿರುವ ಬೆಲೆಯನ್ನು ಕುರಿತು.

ಆ ಹಲಗೆಯನ್ನೊಮ್ಮೆ ನಿಂತು ಓದಿ. 2024ರಲ್ಲಿ ಅದರ ಮೇಲೆ ಇದ್ದ ಲೆಕ್ಕ ಇದು: ಯೂರಿಯಾ, 45 ಕಿಲೋ ಚೀಲ, 266 ರೂಪಾಯಿ 50 ಪೈಸೆ. ಡಿ.ಎ.ಪಿ., 50 ಕಿಲೋ ಚೀಲ, 1350 ರೂಪಾಯಿ. ಒಂದಕ್ಕೊಂದು ಐದು ಪಟ್ಟು! ಇದ್ಯಾಕೆ ಹೀಗೆ ಸ್ವಾಮಿ, ಅಂತ ಕೇಳಿದರೆ ಅಂಗಡಿಯವನು, 'ಕಂಪನಿ ರೇಟು, ನಮ್ಮ ಕೈಲೇನಿದೆ' ಎನ್ನುತ್ತಾನೆ. ಅವನು ಹೇಳುವುದರಲ್ಲಿ ಅರ್ಧ ನಿಜ ಉಂಟು. ಅವನ ಕೈಯಲ್ಲೇನೂ ಇಲ್ಲವೆನ್ನುವುದು ಬಹುಮಟ್ಟಿಗೆ ನಿಜ. ಆದರೆ ಯೂರಿಯಾದ ಬೆಲೆ ಕಂಪನಿಯ ಕೈಯಲ್ಲೂ ಇಲ್ಲ. ಅದನ್ನು ಕಟ್ಟುವುದು ದೆಹಲಿಯ ಸರ್ಕಾರ.

ಚೀಲದ ಲೆಕ್ಕ ಬಿಟ್ಟು ಒಳಗಿನ ಸತ್ವದ ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. 45 ಕಿಲೋ ಚೀಲದಲ್ಲಿ ಸುಮಾರು 20 ಕಿಲೋ 700 ಗ್ರಾಂ ಸಾರಜನಕ ಸಿಕ್ಕಿತು. ಅಂದರೆ ಸಾರಜನಕ ಕಿಲೋಗೆ 13 ರೂಪಾಯಿಗೂ ಒಂದಿಷ್ಟು ಕಡಿಮೆ. ಡಿ.ಎ.ಪಿ.ಯ ಒಂದು ಚೀಲದಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ. ಆ 9 ಕಿಲೋಗೆ ಯೂರಿಯಾದ ದರವನ್ನೇ ಹಾಕಿ ಕಳೆದರೆ, ಉಳಿದ ರಂಜಕ ಕಿಲೋಗೆ 53 ರೂಪಾಯಿಯ ಮೇಲೆ ಬೀಳುತ್ತದೆ. ಒಂದೇ ಹೊಲಕ್ಕೆ ಬೇಕಾದ ಎರಡು ಆಹಾರ. ಒಂದು 13 ರೂಪಾಯಿ, ಇನ್ನೊಂದು 53. ಮನೆಯಲ್ಲಿ ಕೈಗಂಟು ಬಿಗಿಯಾಗಿರುವಾಗ ರೈತ ಯಾವ ಚೀಲವನ್ನು ಹೆಚ್ಚು ತರುತ್ತಾನೆ? ಕೇಳಬೇಕಾದ್ದೇ ಇಲ್ಲ.

ಈ ಅಂತರ ಭೂಮಿಯಿಂದ ಹುಟ್ಟಿದ್ದಲ್ಲ, ಕಾರ್ಖಾನೆಯಿಂದ ಪೂರ್ತಿ ಹುಟ್ಟಿದ್ದೂ ಅಲ್ಲ. ಬಹುಪಾಲು ಕಾಗದದ ಮೇಲೆ ಹುಟ್ಟಿದ್ದು. ಹೇಗೆಂಬುದನ್ನು ಸ್ವಲ್ಪ ಹಿಂದಿನಿಂದ ನೋಡೋಣ.

ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ರಾಸಾಯನಿಕ ಗೊಬ್ಬರ ಕೊಳ್ಳುತ್ತಿದ್ದವರು ಹೆಚ್ಚಾಗಿ ಚಹಾ, ಕಾಫಿ ತೋಟದವರು. ಮಾರುತ್ತಿದ್ದವರು ಖಾಸಗಿ ಕಂಪನಿಗಳು. ಎರಡನೆಯ ಮಹಾಯುದ್ಧದ ಕಾಲಕ್ಕೆ ಆಹಾರದ ಅಭಾವ ಬಂದಾಗ, 1944ರಲ್ಲಿ, ಸರ್ಕಾರ ಕೇಂದ್ರ ಗೊಬ್ಬರ ಸಂಗ್ರಹವೆಂಬ ಏರ್ಪಾಡು ಮಾಡಿ ಸಿಕ್ಕಷ್ಟು ಗೊಬ್ಬರವನ್ನು ಒಂದೇ ಕಡೆ ಕೂಡಿಸಿ ಒಂದೇ ಬೆಲೆಗೆ ರಾಜ್ಯಗಳಿಗೆ ಹಂಚತೊಡಗಿತು. 1951ರಲ್ಲಿ ಸಿಂದ್ರಿಯ ಸರ್ಕಾರಿ ಕಾರ್ಖಾನೆ ಉತ್ಪಾದನೆ ಶುರುಮಾಡಿತು. 1957ರಲ್ಲಿ ಗೊಬ್ಬರವನ್ನು ಅಗತ್ಯ ವಸ್ತುವೆಂದು ಸಾರಿ, ಗೊಬ್ಬರ ನಿಯಂತ್ರಣ ಆಜ್ಞೆಯನ್ನು ಹೊರಡಿಸಿದರು. ಅದರ ಹೊಸ ರೂಪ 1985ರದು. ಇಂದು ಅಂಗಡಿಯವನ ಗೋಡೆಯ ಮೇಲೆ ನೇತಾಡುವ ಪರವಾನಗಿ ಪತ್ರದ ಮೂಲ ಅದೇ.

ಆ ದಿನಗಳಲ್ಲಿ ಮಾರಾಟ ಹೆಚ್ಚಾಗಿ ಸಹಕಾರ ಸಂಘಗಳ ಕೈಯಲ್ಲೇ ಇತ್ತು. 1965ರಲ್ಲಿ ಶಿವರಾಮನ್ ಸಮಿತಿ, ಇಷ್ಟರಿಂದ ಸಾಲದು, ತಯಾರಕರಿಗೂ ಮಾರುವ ಸ್ವಾತಂತ್ರ್ಯ ಬೇಕು ಎಂದಿತು. ಸಿ. ಸುಬ್ರಹ್ಮಣ್ಯಂ ಅವರು ಆಹಾರ ಮಂತ್ರಿಗಳಾಗಿದ್ದ ಕಾಲ. ಮಳೆ ಕೈಕೊಟ್ಟು ಅಮೆರಿಕದ ಗೋಧಿಗೆ ಕೈಯೊಡ್ಡಿದ್ದ ಕಾಲ. ಹೊಸದಾಗಿ ಕಾರ್ಖಾನೆ ಕಟ್ಟುವ ಖಾಸಗಿಯವರು ಏಳು ವರ್ಷ ತಮ್ಮ ಬೆಲೆ ತಾವೇ ಇಟ್ಟುಕೊಂಡು, ತಮ್ಮ ಅಂಗಡಿಗಳ ಮೂಲಕವೇ ಮಾರಬಹುದೆಂದು ಸರ್ಕಾರ ಮಾತು ಕೊಟ್ಟಿತು. ಮುಂದಿನ ಹತ್ತು ವರ್ಷಗಳಲ್ಲಿ ವಿಶಾಖಪಟ್ಟಣ, ಕೋಟಾ, ಕಾನ್ಪುರ, ಗೋವಾಗಳಲ್ಲಿ ಕಾರ್ಖಾನೆಗಳು ಎದ್ದವು. ನಮ್ಮ ಮಂಗಳೂರಿನ ಪಣಂಬೂರಿನಲ್ಲಿ 1976ರಲ್ಲಿ ಕಾರ್ಖಾನೆ ನಡೆಯತೊಡಗಿತು. ನೋಡಿ, ಸರ್ಕಾರದ ಒಂದು ಮಾತು ವ್ಯಾಪಾರವನ್ನು ಎಷ್ಟು ದೂರ ಎಳೆಯಬಲ್ಲದು!

ಆದರೆ 1973ರಲ್ಲಿ ಅರಬ್ಬೀ ದೇಶಗಳ ಎಣ್ಣೆಯ ಬೆಲೆ ಏರಿತು. ಯೂರಿಯಾ ಆಗುವುದು ನಾಫ್ತಾ, ಅನಿಲ ಇಂಥವುಗಳಿಂದಲೇ. 1974ರ ಜೂನ್ ತಿಂಗಳಲ್ಲಿ ಯೂರಿಯಾ ಬೆಲೆ ಟನ್ನಿಗೆ 1050 ರೂಪಾಯಿಯಿಂದ ಒಂದೇ ಏಟಿಗೆ 2000ಕ್ಕೆ ಹಾರಿತು. ರೈತರು ಕೊಳ್ಳುವುದನ್ನು ಬಿಟ್ಟರು. ಆಗ ಹೊಳೆದ ಉಪಾಯವೇ 1977ರ ನವೆಂಬರಿನಲ್ಲಿ ಬಂದ ಧಾರಣಾ ಬೆಲೆಯ ಪದ್ಧತಿ. ಅದರ ಅರ್ಥ ಇಷ್ಟೇ: ರೈತನಿಗೆ ದೇಶದ ಎಲ್ಲೆಡೆ ಒಂದೇ ಬೆಲೆ, ಕಾರ್ಖಾನೆಗೆ ಮಾತ್ರ ಅದರದರ ಖರ್ಚಿನ ಮೇಲೆ, ಹೂಡಿದ ಬಂಡವಾಳಕ್ಕೆ ನೂರಕ್ಕೆ 12ರಷ್ಟು ಲಾಭ ಸೇರಿಸಿ ಬೇರೆ ಬೇರೆ ಬೆಲೆ, ನಡುವಿನ ಅಂತರ ಬೊಕ್ಕಸದಿಂದ. ಇದರಿಂದ ಕಾರ್ಖಾನೆಗಳು ಬೆಳೆದವು, ಗೊಬ್ಬರ ಮೂಲೆ ಮೂಲೆಗೂ ಮುಟ್ಟಿತು, ಭತ್ತ ಗೋಧಿ ಕಣಜ ತುಂಬಿತು. ಆದರೆ ಖರ್ಚು ಹೆಚ್ಚು ತೋರಿಸಿದವನಿಗೂ ಲಾಭ ಖಚಿತ ಎಂದಾಗ ಖರ್ಚು ಇಳಿಸಬೇಕೆಂಬ ಆಸೆ ಯಾರಿಗೆ ಇದ್ದೀತು? ಆ ಪದ್ಧತಿ ಯೂರಿಯಾಕ್ಕೆ 2003ರವರೆಗೂ ನಡೆಯಿತು.

ಈಗ ನಮ್ಮ ಹೊಲಕ್ಕೆ ನೇರವಾಗಿ ತಟ್ಟಿದ ಸಂಗತಿಗೆ ಬರೋಣ. 1992ರ ಆಗಸ್ಟಿನಲ್ಲಿ ಸರ್ಕಾರ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆಯ ಹಿಡಿತ ಬಿಟ್ಟುಬಿಟ್ಟಿತು. ಯೂರಿಯಾವನ್ನು ಬಿಡಲಿಲ್ಲ, ಬದಲಿಗೆ ಅದರ ಬೆಲೆ ನೂರಕ್ಕೆ 10 ಇಳಿಸಿತು. ಒಂದು ತಟ್ಟೆ ಮೇಲೆ, ಇನ್ನೊಂದು ಕೆಳಗೆ. ಹಿಂದಿನ ವರ್ಷ ದೇಶದಲ್ಲಿ ಪೊಟ್ಯಾಷ್ 1 ಭಾಗಕ್ಕೆ ಸಾರಜನಕ 5.9 ಭಾಗ ಬಳಕೆಯಾಗಿತ್ತು. ಒಂದೇ ವರ್ಷದಲ್ಲಿ ಅದು 9.5 ಭಾಗಕ್ಕೆ ಏರಿತು. ರೈತರೇನು ಒಂದು ವರ್ಷದಲ್ಲಿ ಕೃಷಿಯನ್ನೇ ಮರೆತರೇ? ಇಲ್ಲ. ಬೆಲೆ ಹೇಳಿದಂತೆ ಕೇಳಿದರು, ಅಷ್ಟೆ.

ಮತ್ತೆ ಸಹಾಯಧನ ಸೇರಿಸಿ, ತೂಗಿ ತೂಗಿ, 2009-10ರ ಹೊತ್ತಿಗೆ ಅದು 4.3ಕ್ಕೆ ಬಂದಿತ್ತು. 2010ರ ಏಪ್ರಿಲಿನಲ್ಲಿ ಸತ್ವಾಧಾರಿತ ಸಹಾಯಧನವೆಂಬ ಹೊಸ ಕ್ರಮ ಬಂತು. ಕಿಲೋ ರಂಜಕಕ್ಕೆ ಇಷ್ಟು, ಕಿಲೋ ಪೊಟ್ಯಾಷಿಗೆ ಇಷ್ಟು ಎಂದು ಸರ್ಕಾರ ಗೊತ್ತುಮಾಡಿ ಕೊಡುತ್ತದೆ. ಉಳಿದ ಬೆಲೆ ಕಂಪನಿ ಇಟ್ಟುಕೊಳ್ಳಲಿ ಎಂದರು. ಮಾತು ಒಳ್ಳೆಯದೇ. ಆದರೆ ಯೂರಿಯಾ ಈ ಸಲವೂ ಹೊರಗೇ ಉಳಿಯಿತು. 2010ಕ್ಕೆ ಮುಂಚೆ 467 ರೂಪಾಯಿಯಷ್ಟಿದ್ದ ಡಿ.ಎ.ಪಿ. ಚೀಲ ಮೂರು ವರ್ಷದೊಳಗೆ 1200ರ ಹತ್ತಿರ ಹೋಯಿತು. 223 ರೂಪಾಯಿಯಷ್ಟಿದ್ದ ಪೊಟ್ಯಾಷ್ ಚೀಲ 850ರ ಸುತ್ತ ನಿಂತಿತು. ಯೂರಿಯಾ? 50 ಕಿಲೋ ಚೀಲ 268 ರೂಪಾಯಿ. 2012-13ರಲ್ಲಿ ಸಾರಜನಕದ ಪಾಲು ಮತ್ತೆ 8.2ಕ್ಕೆ ಏರಿತು. 4:2:1 ಎಂಬ ಅಳತೆಯನ್ನು ಎಲ್ಲ ಊರಿನ ಎಲ್ಲ ಮಣ್ಣಿಗೂ ಒಪ್ಪಿಸುವುದು ಸರಿಯಲ್ಲ ಎಂಬುದು ಬೇರೆ ಮಾತು. ಮಣ್ಣು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಆದರೆ 8ಕ್ಕೆ ಹಾರಿದ್ದು ಮಣ್ಣು ಕೇಳಿ ಅಲ್ಲ, ಜೇಬು ಕೇಳಿ.

ಅದರ ಫಲ ನೀವೇ ಬಲ್ಲಿರಿ. ಬರೀ ಬಿಳಿಗೊಬ್ಬರ ಎರಚಿದ ಗದ್ದೆ ಕಡುಹಸಿರಾಗಿ ಸೊಕ್ಕಿ ನಿಲ್ಲುತ್ತದೆ. ದಾರಿಹೋಕರು, 'ಏನು ಬೆಳೆ ಕಣಣ್ಣ ನಿಂದು!' ಎನ್ನುತ್ತಾರೆ. ಆಮೇಲೆ ಬೆಂಕಿರೋಗ, ಕಂದು ಜಿಗಿಹುಳು ಅದೇ ಗದ್ದೆಯನ್ನು ಹುಡುಕಿಕೊಂಡು ಬರುತ್ತವೆ. ಒಂದು ಗಾಳಿಮಳೆಗೆ ಪೈರು ಮಲಗುತ್ತದೆ. ಗೊಬ್ಬರದಲ್ಲಿ ಉಳಿಸಿದ ದುಡ್ಡು ಔಷಧದ ಅಂಗಡಿಗೆ ಹೋಗುತ್ತದೆ.

ಇನ್ನು ಅಂಗಡಿಯವನ ಮಾತು. ಅವನನ್ನು ಬೈಯುವುದು ಸುಲಭ, ಬೈಯಬೇಕಾದವರೂ ಇದ್ದಾರೆ. ಆದರೂ ಅವನ ಲೆಕ್ಕವನ್ನೂ ಒಮ್ಮೆ ನೋಡಿ. 2018ರಿಂದ ಯೂರಿಯಾ ಮಾರುವವರಿಗೆ ಸರ್ಕಾರ ಗೊತ್ತುಮಾಡಿದ ಕಮಿಷನ್ ಟನ್ನಿಗೆ 354 ರೂಪಾಯಿ. ಟನ್ನಿಗೆ 45 ಕಿಲೋದ 22 ಚೀಲ. ಚೀಲಕ್ಕೆ ಬಿದ್ದದ್ದು ಸುಮಾರು 16 ರೂಪಾಯಿ. ದೊಡ್ಡ ವ್ಯಾಪಾರಿಯ ಪಾಲು, ಹಮಾಲಿ, ಮಳಿಗೆ ಬಾಡಿಗೆ, ಹರಿದ ಚೀಲದ ನಷ್ಟ ಎಲ್ಲಾ ಅದರಲ್ಲೇ ಆಗಬೇಕು. ರೈಲು ನಿಲ್ದಾಣದ ಪಕ್ಕದ ಪೇಟೆಯವನಿಗೆ ಇದು ಹೇಗೋ ಗಿಟ್ಟೀತು. ಮೂವತ್ತು ಮೈಲಿ ಒಳಗಿನ ಹಳ್ಳಿಯ ಚಿಕ್ಕ ಅಂಗಡಿಯವನಿಗೆ? ಹೆಚ್ಚು ಬೆಲೆಗೆ ಮಾರಿದರೆ ಪರವಾನಗಿ ಹೋಗುತ್ತದೆ. ಹಲಗೆಯ ಬೆಲೆಗೇ ಮಾರಿದರೆ ಕೈಯಿಂದ ಹೋಗುತ್ತದೆ. ಹೀಗಾಗಿ ಕೆಲವರು ಯೂರಿಯಾ ತರುವುದನ್ನೇ ಬಿಡುತ್ತಾರೆ. ಇನ್ನು ಕೆಲವರು, 'ಯೂರಿಯಾ ಬೇಕಾದರೆ ಈ ಪೊಟ್ಟಣವನ್ನೂ ತಗೊ, ಈ ಡಬ್ಬಿಯನ್ನೂ ತಗೊ' ಎಂದು ಜೊತೆಗೆ ಕಟ್ಟುತ್ತಾರೆ. ಲಾಭವಿರುವುದು ಆ ಡಬ್ಬಿಯಲ್ಲಿ. ಎಷ್ಟೋ ಸಲ ಇದು ಅಂಗಡಿಯಲ್ಲೇ ಹುಟ್ಟುವುದೂ ಅಲ್ಲ. ಮೇಲಿನಿಂದಲೇ ಅವನ ತಲೆಗೂ ಹಾಗೆಯೇ ಕಟ್ಟಿರುತ್ತಾರೆ. ಹೀಗೆ ಒಂದರ ಜೊತೆ ಇನ್ನೊಂದನ್ನು ಬಲವಂತದಿಂದ ಮಾರಕೂಡದೆಂದು ಸರ್ಕಾರ ಕಂಪನಿಗಳಿಗೂ ವ್ಯಾಪಾರಿಗಳಿಗೂ ಸೂಚನೆ ಕೊಟ್ಟಿದೆ. ಸೂಚನೆ ಕೊಟ್ಟದ್ದು ಸರಿ. 16 ರೂಪಾಯಿಯ ಲೆಕ್ಕ ಹಾಗೇ ಇರುವಷ್ಟು ದಿನ ಈ ಕಾಟ ಪೂರಾ ನಿಂತೀತೆಂದು ನನಗೆ ತೋರುವುದಿಲ್ಲ.

ಅಗ್ಗದ ವಸ್ತುವಿಗೆ ಇನ್ನೊಂದು ಪೀಡೆ ಉಂಟು. ಅದು ಸೋರುತ್ತದೆ. ಪ್ಲೈವುಡ್ಡಿಗೆ ಅಂಟು ಮಾಡಲು ಯೂರಿಯಾ ಬೇಕು. ಗಡಿಯಾಚೆ ಅದಕ್ಕೆ ಹೆಚ್ಚು ಬೆಲೆಯೂ ಸಿಗುತ್ತದೆ. 2015ರಲ್ಲಿ ಎಲ್ಲ ಯೂರಿಯಾಕ್ಕೂ ಬೇವಿನ ಎಣ್ಣೆ ಲೇಪಿಸಬೇಕೆಂದು ಕಡ್ಡಾಯ ಮಾಡಿದ್ದಕ್ಕೆ ಇದೂ ಒಂದು ಕಾರಣ. 2018ರ ಮಾರ್ಚಿನ ಹೊತ್ತಿಗೆ ದೇಶದ ಎಲ್ಲೆಡೆ ಬೆರಳಚ್ಚಿನ ಯಂತ್ರ ಬಂತು. ಮುಂಚೆ ಗೊಬ್ಬರ ಜಿಲ್ಲೆಗೆ ಬಂದಿಳಿದರೆ ಕಂಪನಿಗೆ ಸಹಾಯಧನ ಸಿಗುತ್ತಿತ್ತು. ಈಗ ನೀವು ಬೆರಳೊತ್ತಿ ಚೀಲ ಎತ್ತಿದ ಮೇಲೆಯೇ ಸಿಗುವುದು. ಹಣ ಬರುವುದು ತಡವಾದಷ್ಟೂ ಕಂಪನಿಗೆ ಬಡ್ಡಿಯ ಹೊರೆ. ಮಾರುಕಟ್ಟೆಯಲ್ಲಿ ಚಿಕ್ಕವರು ನಿಲ್ಲುವುದು ಕಷ್ಟ. 2022ರ ಅಕ್ಟೋಬರಿನಿಂದ ಯಾರ ಕಾರ್ಖಾನೆಯದೇ ಆಗಲಿ ಚೀಲದ ಮೇಲೆ 'ಭಾರತ್' ಎಂಬ ಒಂದೇ ಹೆಸರು ದೊಡ್ಡದಾಗಿ ಇರಬೇಕೆಂದಾಯಿತು. ಇದರಿಂದ ಇಂಥ ಮಾರ್ಕೇ ಬೇಕು ಎಂದು ರೈತ ಅಲೆಯುವುದು ತಪ್ಪಬಹುದು. ಹೆಸರು ಒಂದೇ ಆದಮೇಲೆ, ನನ್ನ ಮಾಲು ಚೆನ್ನ ಎಂದು ಹೆಸರು ಗಳಿಸಲು ಕಂಪನಿ ಹಳ್ಳಿಗೆ ಬಂದು ಪ್ರಾತ್ಯಕ್ಷಿಕೆ ನಡೆಸುವ ಉತ್ಸಾಹ ಉಳಿದೀತೇ ಎಂಬ ಪ್ರಶ್ನೆಯೂ ಇದೆ.

ಬೆಲೆ ಹಿಡಿದಿಟ್ಟ ಮಾತ್ರಕ್ಕೆ ಗೊಬ್ಬರ ಸಿಗುತ್ತದೆಂಬ ಭರವಸೆ ಇಲ್ಲ. ಇದಕ್ಕೆ ನಾವು ಕನ್ನಡನಾಡಿನವರು ದೊಡ್ಡ ಬೆಲೆ ತೆತ್ತಿದ್ದೇವೆ. 2008ರಲ್ಲಿ ಪ್ರಪಂಚದ ಪೇಟೆಯಲ್ಲಿ ಡಿ.ಎ.ಪಿ. ಟನ್ನಿಗೆ ಸಾವಿರ ಡಾಲರನ್ನೂ ದಾಟಿತ್ತು. ನಮ್ಮ ಹಣದಲ್ಲಿ 40 ಸಾವಿರ ರೂಪಾಯಿಗೂ ಮೇಲೆ. ಇಲ್ಲಿ ಮಾರಬೇಕಾದ ಬೆಲೆ ಟನ್ನಿಗೆ 9350. ನಡುವಿನ ಹಣವನ್ನು ಸರ್ಕಾರ ತುಂಬಿಕೊಡಬೇಕು. ಅದರ ಒಂದು ಭಾಗವನ್ನು ಆಗ ನಗದಿನ ಬದಲು ಸಾಲಪತ್ರಗಳಲ್ಲಿ ಕೊಟ್ಟಿತು. ನಗದು ಕೈಗೆ ಬಾರದಿದ್ದರೆ ಮುಂದಿನ ಹಡಗಿಗೆ ಕಂಪನಿ ಎಲ್ಲಿಂದ ಕೊಟ್ಟೀತು? ಅದೇ ವರ್ಷ ಮುಂಗಾರಿನ ಹೊಸ್ತಿಲಲ್ಲಿ, ಜೂನ್ 10ರಂದು, ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಪೊಲೀಸರ ಗುಂಡು ಹಾರಿತು. ರೈತರ ಪ್ರಾಣ ಹೋಯಿತು. ಗೊಬ್ಬರ ಕಳಿಸಲಿಲ್ಲವೆಂದು ರಾಜ್ಯ ಕೇಂದ್ರವನ್ನೂ, ಸರಿಯಾಗಿ ಹಂಚಲಿಲ್ಲವೆಂದು ಕೇಂದ್ರ ರಾಜ್ಯವನ್ನೂ ದೂರಿದವು. ಅಭಾವಕ್ಕೆ ಕಾರಣ ಒಂದೇ ಇರಲಿಕ್ಕಿಲ್ಲ. ಆದರೆ ಬಿತ್ತನೆಯ ಹದ ತಪ್ಪುತ್ತಿದೆ ಎನ್ನುವಾಗ ಮನೆಬಿಟ್ಟು ಹೋದವನು ಹೆಣವಾಗಿ ಬಂದ ಮನೆಗೆ ಯಾರ ಸಮಜಾಯಿಷಿ ತಾನೇ ಮುಟ್ಟೀತು?

ಇಂಥದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. ಬಾಂಗ್ಲಾದೇಶದಲ್ಲಿ ಗೊಬ್ಬರದ ವ್ಯಾಪಾರವನ್ನು ಸರ್ಕಾರ 1978ರಿಂದ ಮೆಲ್ಲಮೆಲ್ಲನೆ ಖಾಸಗಿಯವರಿಗೆ ಬಿಟ್ಟಿತ್ತು. ಬಹಳ ಕಾಲ ಅದು ಚೆನ್ನಾಗಿಯೇ ನಡೆಯಿತು. ಅಂಗಡಿ ಹೆಚ್ಚಿದವು, ಸಾಗಣೆ ಸುಧಾರಿಸಿತು. 1995ರ ಮೊದಲ ತಿಂಗಳುಗಳಲ್ಲಿ ಬೇಸಗೆ ಭತ್ತದ ಕಾಲಕ್ಕೆ ಯೂರಿಯಾ ಸಿಗದಾಯಿತು. ದೇಶದೊಳಗೆ ಎಷ್ಟು ಉಳಿದಿದೆ ಎಂದು ಸರಿಯಾಗಿ ನೋಡದೆ ಹೊರಗೆ ಕಳಿಸಿದ್ದರು. ಬೆಲೆ ಗಗನಕ್ಕೇರಿ ಗಲಭೆಯಾಗಿ ಒಂದು ಡಜನ್ನಿಗೂ ಹೆಚ್ಚು ರೈತರು ಗುಂಡಿಗೆ ಬಲಿಯಾದರು. ಆಮೇಲೆ ಸರ್ಕಾರ ಮತ್ತೆ ತಾನೇ ಡೀಲರುಗಳನ್ನು ನೇಮಿಸಿ ಹಿಡಿತಕ್ಕೆ ತೆಗೆದುಕೊಂಡಿತು. ಒಂದು ಕಡೆ ಬೆಲೆ ಕಟ್ಟಿಹಾಕಿ, ಇನ್ನೊಂದು ಕಡೆ ಕಟ್ಟು ಬಿಟ್ಟು. ಎರಡು ಕಡೆಯೂ ಕೈಕೊಟ್ಟದ್ದು ಹೊತ್ತಿಗೆ ಸರಿಯಾದ ದಾಸ್ತಾನಿನ ಲೆಕ್ಕ.

ಆಫ್ರಿಕದ ಕೆನ್ಯಾ ದೇಶದವರು ಬೇರೆ ದಾರಿ ಹಿಡಿದರು. 1990ರಲ್ಲಿ ಬೆಲೆಯ ಹಿಡಿತ ಬಿಟ್ಟರು. 1993ರ ಹೊತ್ತಿಗೆ ಆಮದಿನ ಪರವಾನಗಿಯ ಕಟ್ಟನ್ನೂ ಸಡಿಲಿಸಿದರು. ಹಲವು ವ್ಯಾಪಾರಿಗಳು ಮೊಂಬಾಸಾ ಬಂದರಿಗೆ ಹಡಗು ತರಿಸಿ ಪೈಪೋಟಿಗೆ ನಿಂತರು. ಊರೂರಿಗೆ ಚಿಲ್ಲರೆ ಅಂಗಡಿಗಳಾದವು. 1997ರಿಂದ 2007ರ ಹತ್ತು ವರ್ಷದಲ್ಲಿ, ಚಿಕ್ಕ ರೈತನ ಮನೆಯಿಂದ ಗೊಬ್ಬರದಂಗಡಿಗೆ ಇದ್ದ ದೂರ ಅರ್ಧಕ್ಕೂ ಕಡಿಮೆಯಾಯಿತು. ತಲೆಹೊರೆಯ ಮೇಲೆ, ಸೈಕಲ್ಲಿನ ಮೇಲೆ ಚೀಲ ತರುವವರಿಗೆ ಅದು ಸಣ್ಣ ಉಪಕಾರವಲ್ಲ. ಆದರೆ 2008ರಲ್ಲಿ ಪ್ರಪಂಚದ ಬೆಲೆ ಏರಿದಾಗ ಕಟ್ಟಿಲ್ಲದ ಪೇಟೆಯಲ್ಲಿ ಆ ಏರಿಕೆ ನೇರವಾಗಿ ರೈತನ ತಲೆಯ ಮೇಲೇ ಬಿತ್ತು. ಸರ್ಕಾರ ತಾನೇ ಅಗ್ಗದ ಗೊಬ್ಬರ ತರಿಸಿ ಮಾರತೊಡಗಿತು. ಹಾಗಾದಾಗ ಪಕ್ಕದಲ್ಲೇ ಪೂರ್ತಿ ಬೆಲೆಗೆ ತಂದಿಟ್ಟುಕೊಂಡ ಅಂಗಡಿಯವನು ಏನಾದಾನು!

ಮಲಾವಿ ದೇಶದ್ದು ಇನ್ನೊಂದು ತೆರ. 2005-06ರಲ್ಲಿ ಅಲ್ಲಿಯ ಸರ್ಕಾರ ಬಡ ರೈತರಿಗೆ ಚೀಟಿ ಕೊಟ್ಟು ಅಗ್ಗದ ಗೊಬ್ಬರ ಕೊಡಿಸಿತು. ಮೊದಲ ವರ್ಷ ಸರ್ಕಾರಿ ಮಳಿಗೆಗಳಲ್ಲಿ ಮಾತ್ರ. ಮುಂದೆ ಎರಡು ವರ್ಷ ಖಾಸಗಿ ಅಂಗಡಿಗಳಿಗೂ ಅವಕಾಶ. 2008-09ರಲ್ಲಿ ಮತ್ತೆ ಅವರಿಗೆ ಬಾಗಿಲು ಮುಚ್ಚಿತು. ಚೀಟಿಯಿಂದ ಎಷ್ಟೋ ಮನೆಗಳ ಮೆಕ್ಕೆಜೋಳದ ಕಣಜ ತುಂಬಿತು, ಸುಳ್ಳಲ್ಲ. ಆದರೆ ಈ ವರ್ಷ ಒಳಗೆ, ಆ ವರ್ಷ ಹೊರಗೆ ಎಂದರೆ ಯಾವ ವ್ಯಾಪಾರಿ ಸಾಲ ತೆಗೆದು ಮಳಿಗೆ ಕಟ್ಟಿಸುತ್ತಾನೆ? ನನ್ನನ್ನು ಕೇಳಿದರೆ, ಬಿಗಿಯಾದ ಕಟ್ಟಳೆಗಿಂತಲೂ ಹೆಚ್ಚು ಕೆಡಿಸುವುದು ದಿನಕ್ಕೊಂದು ಕಟ್ಟಳೆ. ನೆರೆಯ ಶ್ರೀಲಂಕಾವನ್ನೇ ನೋಡಿ. 2021ರ ಬೇಸಗೆಯಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ಒಮ್ಮೆಲೆ ನಿಲ್ಲಿಸಿದರು. ಭತ್ತಕ್ಕೂ ಚಹಾಕ್ಕೂ ಪೆಟ್ಟು ಬಿದ್ದು, ನವೆಂಬರಿನಲ್ಲಿ ಮತ್ತೆ ಖಾಸಗಿಯವರು ತರಿಸಬಹುದೆಂದರು. ಸಾವಯವ ಗೊಬ್ಬರ ಕೆಟ್ಟದ್ದಲ್ಲ. ಆದರೆ ತಿಪ್ಪೆ ಬೆಳೆಯುವುದಕ್ಕೂ ವರ್ಷ ಬೇಕು.

ನಮ್ಮ ದೇಶದ ವಿಷಯಕ್ಕೆ ಮರಳಿದರೆ, ಪೊಟ್ಯಾಷ್ ಬಹುಮಟ್ಟಿಗೆ ಹೊರಗಿನಿಂದಲೇ ಬರಬೇಕು: ಕೆನಡಾ, ರಷ್ಯಾ, ಜೋರ್ಡಾನ್ ಮೊದಲಾದ ಕಡೆಗಳಿಂದ. ರಂಜಕದ ಕಲ್ಲೂ ಹೆಚ್ಚಾಗಿ ಹಡಗಿನಲ್ಲೇ ಬರುತ್ತದೆ. 2022ರಲ್ಲಿ ರಷ್ಯಾ-ಯುಕ್ರೇನ್ ಯುದ್ಧ ಹೊತ್ತಿಕೊಂಡಾಗ ನಿಮ್ಮ ಹಲಗೆಯ ಮೇಲಿನ ಯೂರಿಯಾ ಬೆಲೆ ಒಂದು ಪೈಸೆಯೂ ಏರಲಿಲ್ಲ. ಆದರೆ 2022-23ರಲ್ಲಿ ಗೊಬ್ಬರದ ಸಹಾಯಧನಕ್ಕೆ ಕೇಂದ್ರದ ಬೊಕ್ಕಸದಿಂದ ಹೋದದ್ದು ಸುಮಾರು 2.5 ಲಕ್ಷ ಕೋಟಿ ರೂಪಾಯಿ. ಅದೇ ಬೊಕ್ಕಸದಿಂದಲೇ ಕೆರೆಗೂ ರಸ್ತೆಗೂ ಆಸ್ಪತ್ರೆಗೂ ಹಣ ಬರಬೇಕು.

ಇಷ್ಟು ದೊಡ್ಡ ಚಕ್ರದ ಮುಂದೆ ಹಳ್ಳಿಯ ಮನೆಯವರು ಮಾಡುವುದೇನು ಅಂತೀರಾ? ಕೆಲವು ಕೈಯಳತೆಯ ಕೆಲಸಗಳುಂಟು.

ಡಿ.ಎ.ಪಿ. ಸಿಗಲಿಲ್ಲವೆಂದು ಹದ ಕಳೆದುಕೊಳ್ಳಬೇಡಿ. ಸೂಪರ್ ಫಾಸ್ಫೇಟಿನಲ್ಲಿ ನೂರಕ್ಕೆ 16 ಭಾಗ ರಂಜಕ ಇರುತ್ತದೆ. 50 ಕಿಲೋದ ಮೂರು ಚೀಲ ಸೂಪರ್, ಅರ್ಧ ಚೀಲಕ್ಕೆ ಒಂದಿಷ್ಟು ಕಡಿಮೆ ಯೂರಿಯಾ ಸೇರಿದರೆ ಒಂದು ಚೀಲ ಡಿ.ಎ.ಪಿ.ಯ ಸತ್ವ ಬಂದಂತಾಯಿತು. ಮೇಲೆ ಗಂಧಕವೂ ಸಿಕ್ಕಿತು. ಶೇಂಗಾ, ಸೂರ್ಯಕಾಂತಿ ಬೆಳೆಯುವವರಿಗೆ ಆ ಗಂಧಕ ಬಹಳ ಉಪಯೋಗ. ಹೊರುವ ಭಾರ ಹೆಚ್ಚು, ಅದೊಂದು ನಿಜ. ಬೆಲೆ ಅಂದಂದಿಗೆ ಬೇರೆಯಾಗುವುದರಿಂದ ಎರಡನ್ನೂ ಕೂಡಿಸಿ ನೋಡಿ ಕೊಳ್ಳಿ.

ಅಂಗಡಿಯಲ್ಲಿ ದಾಸ್ತಾನು ಮತ್ತು ಬೆಲೆಯ ಹಲಗೆ ಎದುರಿಗೆ ಕಾಣುವಂತೆ ಇರಲೇಬೇಕು, ಕೊಂಡದ್ದಕ್ಕೆ ರಶೀದಿ ಕೊಡಲೇಬೇಕು. ಇದು 1985ರ ಆಜ್ಞೆಯಲ್ಲೇ ಇದೆ. ಬೆರಳೊತ್ತಿದ ಮೇಲೆ ಯಂತ್ರದಿಂದ ಬರುವ ಚೀಟಿಯನ್ನು ಕೇಳಿ ತೆಗೆದುಕೊಳ್ಳಿ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದ ಅಲ್ಲೇ ಓದಿಸಿ. ನೀವು ಎತ್ತಿದ್ದು ಎರಡು ಚೀಲ, ಚೀಟಿಯಲ್ಲಿ ಐದು ಎಂದಿದ್ದರೆ ಉಳಿದ ಮೂರು ನಿಮ್ಮ ಹೆಸರಿನಲ್ಲಿ ಬೇರೆಲ್ಲೋ ಹೋದಂತೆ. ಯಂತ್ರದಲ್ಲಿ ಮಾಲು ಖಾಲಿ ಎಂದು ತೋರುತ್ತದೆ, ನಿಮ್ಮ ಊರಿಗೆ ಬೇಕಾದಷ್ಟು ಕೊಟ್ಟಾಗಿದೆ ಎಂದು ಮೇಲಿನವರು ತಿಳಿಯುತ್ತಾರೆ, ಮುಂದಿನ ಲಾರಿ ಬೇರೆ ಕಡೆಗೆ ತಿರುಗುತ್ತದೆ. ಇಂಥದು ಕಂಡರೆ, ಅಥವಾ ಬೇಡದ ಡಬ್ಬಿಯನ್ನು ಬಲವಂತವಾಗಿ ಕಟ್ಟಿದರೆ, ರಶೀದಿ ಸಮೇತ ರೈತ ಸಂಪರ್ಕ ಕೇಂದ್ರದಲ್ಲೋ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯಲ್ಲೋ ಬರೆದುಕೊಡಿ. ಬಾಯಿಮಾತಿನ ದೂರು ಬಾಗಿಲು ದಾಟುವುದಿಲ್ಲ.

ಇನ್ನೊಂದು ವಿಚಾರ. ರಂಜಕ, ಪೊಟ್ಯಾಷ್ ಗೊಬ್ಬರದ ಚೀಲದ ಮೇಲೆ ಮಾರುವ ಬೆಲೆಯ ಜೊತೆಗೆ, ಆ ಚೀಲಕ್ಕೆ ಸರ್ಕಾರ ಕೊಟ್ಟ ಸಹಾಯಧನ ಎಷ್ಟೆಂಬುದನ್ನೂ ಅಚ್ಚು ಹಾಕಿರುತ್ತಾರೆ. ಚೀಲ ಬಿಚ್ಚಿ ಬರಿದು ಮಾಡಿ ದನದ ಕೊಟ್ಟಿಗೆಗೆ ಹಾಸುವ ಮುಂಚೆ ಆ ಎರಡು ಅಂಕಿಗಳನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ. ಮುಂದಿನ ಮುಂಗಾರಿನಲ್ಲಿ ಬೆಲೆ ಏರಿದರೆ, ಏರಿದ್ದು ಪ್ರಪಂಚದ ಪೇಟೆಯಿಂದಲೋ ಸಹಾಯಧನ ಇಳಿದದ್ದರಿಂದಲೋ ಎಂದು ಗ್ರಾಮಸಭೆಯಲ್ಲಿ ಕೇಳುವಾಗ ಆ ಪುಟ ನಿಮ್ಮ ಕೈಯಲ್ಲಿರಲಿ.